ಚಂಪವ್ವ ತಿರುಗಿ ನೋಡಿದ ಜಾಗ

ಮಾರ್ಚ್ 10, 2025, ಸೋಮವಾರ

ಕೂಡಿದ ಸಮಸ್ತ ಮಹಾಜನರೇ, ಮುಂದಿನ ಚಾಪೆಯ ಮೇಲೆ ಕುಳಿತ ಮಕ್ಕಳೇ, ಹಿಂದಿನ ಬೆಂಚಿನ ಹಿರಿಯರೇ, ಗೇಟಿನ ಬಳಿ ನಿಂತು ಪುಕ್ಕಟೆ ನೋಡುತ್ತಿರುವ ಪುಣ್ಯವಂತರೇ, ಗದ್ದಲ ಮಾಡದೆ ಕೇಳಿ. ಗದ್ದಲ ಮಾಡುವ ಅಧಿಕಾರ ಇವತ್ತಿನಿಂದ ನಿಮಗೂ ಇಲ್ಲ, ನನಗಂತೂ ಇಲ್ಲವೇ ಇಲ್ಲ.

ಇಷ್ಟು ಬರೆದು ತಲೆಯೆತ್ತಿ ನೋಡಿದೆ. ಎದುರಿಗೆ ಫ್ರಿಜ್ಜು. ಅದರ ಬಾಗಿಲಿಗೆ ಮೊಮ್ಮಗಳು ನವ್ಯಾ ಅಂಟಿಸಿದ ಹಸಿರು ಡೈನೊಸಾರು. ಥಿಯೇಟರು ಭರ್ತಿಯಾದದ್ದು ಇಷ್ಟೇ. ಆದರೂ ಮಾತು ನಿಲ್ಲಿಸಿ ಗೊತ್ತಿಲ್ಲದವನು ಬರೆಯುವುದನ್ನಾದರೂ ಮಾಡಬೇಕಲ್ಲ.

ಕಥೆ ಹೀಗಿದೆ. ಇವತ್ತು ಬೆಳಿಗ್ಗೆ ಗಂಟಲಿನ ಡಾಕ್ಟರು ರಂಜನಿ ನನ್ನ ಮೂಗಿನೊಳಗಿಂದ ಒಂದು ಸಣ್ಣ ಕ್ಯಾಮೆರಾ ಇಳಿಸಿ, ಟಿವಿಯಲ್ಲಿ ನನ್ನದೇ ಕೊರಳನ್ನು ನನಗೆ ತೋರಿಸಿದರು. ಅರವತ್ತೇಳು ವರ್ಷ ದುಡಿದ ಕೊರಳು. ಒಳಗಿನ ಧ್ವನಿತಂತುವಿನ ಮೇಲೆ ಕುಂಕುಮ ಚೆಲ್ಲಿದಂತೆ ಕೆಂಪು. ರಕ್ತನಾಳ ಒಡೆದಿದೆಯಂತೆ. ಮೂರು ವಾರ ಮಾತು ಬಂದ್. ಪಿಸುಮಾತೂ ಕೂಡದು. ಕೆಮ್ಮುವುದಾದರೆ ಮೆತ್ತಗೆ.

ನಾನು ಚೀಟಿಯಲ್ಲಿ ಬರೆದು ಕೇಳಿದೆ: ನಿದ್ದೆಯಲ್ಲಿ ಸಂಭಾಷಣೆ ಹೇಳಿದರೆ?

“ಅದನ್ನ ಆಂಟಿ ನೋಡ್ಕೋತಾರೆ,” ಅಂದರು ಡಾಕ್ಟರು. ನನ್ನ ಹೆಂಡತಿ ಅಂಬವ್ವ ಪಕ್ಕದ ಕುರ್ಚಿಯಲ್ಲಿ ಕೂತು, ವರವನ್ನು ಪಡೆದವಳಂತೆ ತಲೆಯಾಡಿಸಿದಳು.

ನಾಳವೇಕೆ ಒಡೆಯಿತು? ಚಿರತೆಯಿಂದ. ಪಾಲೋ ಆಲ್ಟೋದ ಒಂದು ಹಿಂಬೀದಿಯಲ್ಲಿ, ಹಿಂದೆ ಲಾಂಡ್ರಿಯಾಗಿದ್ದ ಅಂಗಡಿಯಲ್ಲಿ, ನಮ್ಮ ಪುಟ್ಟ ಮ್ಯೂಸಿಯಂ ಇದೆ. ಮನುಷ್ಯ ಮನುಷ್ಯನಾದ ಕಥೆಯ ಮ್ಯೂಸಿಯಂ. ಅಂಗರಚನೆಯ ಪಾಠ ಹೇಳಿ ನಿವೃತ್ತರಾದ ಮೈಸೂರಿನ ದ್ವಾರಕಾನಾಥರು ಆಫ್ರಿಕದ ಫಾಸಿಲ್ ತಾಣಗಳ ತಲೆಬುರುಡೆ, ದವಡೆ, ತೊಡೆಮೂಳೆಗಳ ಪ್ಲಾಸ್ಟರ್ ಅಚ್ಚುಪ್ರತಿಗಳನ್ನು ಕೂಡಿಸಿ ಕಟ್ಟಿದ್ದು. ಅಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಮೂರಕ್ಕೆ ಕನ್ನಡ ಕಲಿಯುವ ಮಕ್ಕಳಿಗೆ ಕನ್ನಡದಲ್ಲಿ ಕಥೆ ಹೇಳುವವನು ನಾನು. ಒಂದು ಬುರುಡೆಯ ಹಿಂಭಾಗದಲ್ಲಿ ಚಿರತೆಯ ಹಲ್ಲಿನ ಎರಡು ತೂತುಗಳಿವೆ. ಮೊನ್ನೆ ಶನಿವಾರ ಆ ಚಿರತೆಯ ಪಾತ್ರವನ್ನೂ ನಾನೇ ವಹಿಸಿದೆ. ಮೂರನೆಯ ಗರ್ಜನೆಗೆ ಒಂದು ಮಗು ಅತ್ತಿತು, ಮೈಕು ಕೀರಲಿಟ್ಟಿತು, ನನ್ನ ದನಿ ಹೋಯಿತು.

ಅದಿರಲಿ. ದುಃಖ ಬೇರೆಯೇ ಇದೆ. ಏಪ್ರಿಲ್ ಹನ್ನೆರಡಕ್ಕೆ ಮ್ಯೂಸಿಯಂನ ಹೊಸ ಕೋಣೆ ತೆರೆಯುತ್ತದೆ. ಟಾಂಜಾನಿಯಾದ ಲೇಟೊಲಿಯಲ್ಲಿ ಮೂವತ್ತಾರು ಲಕ್ಷ ವರ್ಷದ ಹಿಂದೆ ಯಾರೋ ಬೂದಿಯ ಮೇಲೆ ಎರಡು ಕಾಲಿನಲ್ಲಿ ನಡೆದು ಹೋದ ಹೆಜ್ಜೆಗಳ ಅಚ್ಚು ಬರುತ್ತಿದೆ. ಅಂದಿನ ಕನ್ನಡ ಪ್ರಯೋಗದ ಕಥೆಗಾರ ನಾನೇ ಎಂದು ಜನವರಿಯಲ್ಲೇ ನಿಶ್ಚಯವಾಗಿತ್ತು. ಮಹಾಜನರೇ, ಉಳಿದಿರುವುದು ಮೂವತ್ಮೂರು ದಿನ, ಕೊರಳು ಒಂದೇ.

ಮಾರ್ಚ್ 11, ಮಂಗಳವಾರ

ಅಂಬವ್ವ ಬೆಳಿಗ್ಗೆ ಆರರಿಂದ ಮಾತಾಡುತ್ತಿದ್ದಾಳೆ.

“ಮೂವತ್ತೆಂಟ ವರ್ಷಾತು ರೀ, ಒಂದ ಮಾತ ಪೂರಾ ಆಡಿಲ್ಲ ನಾ. ನಾ ಅರ್ಧಾ ಅನ್ನೂದ್ರಾಗ ನೀವು ಅರಮನಿ, ಯುದ್ಧ, ಗದಾ ಎಲ್ಲಾ ತರತಿದ್ರಿ. ಈಗ ಕೂಡ್ರ್ರಿ. ಕೇಳ್ರಿ.”

ಕುಳಿತೆ. ಕೇಳಿದೆ. 1994ರಲ್ಲಿ ಸಾಂಟಾ ಕ್ಲಾರಾದ ಮೊದಲ ಅಪಾರ್ಟ್‌ಮೆಂಟಿನಲ್ಲಿ ನಾನು ಕಳೆದುಹಾಕಿದ ಒಂದು ಇಕ್ಕಳದಿಂದ ಆರಂಭವಾಯಿತು. ಮಧ್ಯಾಹ್ನದ ಹೊತ್ತಿಗೆ 2003ಕ್ಕೆ ಬಂದಿದ್ದೇವೆ. ಉತ್ತರ ಕೊಡಲೆಂದು ತಾಟನ್ನು ಚಮಚದಿಂದ ಬಾರಿಸಿದೆ. ಚಮಚ ಕಸಿದುಕೊಂಡಳು.

ಮಾರ್ಚ್ 15, ಶನಿವಾರ

ಮಹಾಜನರೇ, ನನ್ನ ಪಾತ್ರವನ್ನು ಬೇರೊಬ್ಬರಿಗೆ ಕೊಟ್ಟಿದ್ದಾರೆ.

ಮೈಥಿಲಿ ಎಂಬ ಹುಡುಗಿ. ಬೆಂಗಳೂರಿನವಳು, ಚಿಪ್ ಕಂಪನಿಯಲ್ಲಿ ಎಂಜಿನಿಯರು, ಶನಿವಾರ ಮಾತ್ರ ನಮ್ಮಲ್ಲಿಗೆ ಬರುವವಳು. ಒಳ್ಳೆಯವಳು, ವಿಷಯ ಓದಿಕೊಂಡವಳು. ಆದರೆ ದನಿ ಎಂಥದು ಅಂದರೆ, ಲೈಬ್ರರಿಯಲ್ಲಿ ಪುಸ್ತಕ ಬಿದ್ದರೆ ಅದರ ಹತ್ತಿರ ಹೋಗಿ ಕ್ಷಮೆ ಕೇಳುವಂಥದು.

“ದೇವೇಂದ್ರಪ್ಪನೋರೇ, ಬೇಜಾರು ಮಾಡ್ಕೋಬೇಡಿ,” ಅಂದರು ದ್ವಾರಕಾನಾಥರು. “ನಮ್ಮ ಪೂರ್ವಜರೂ ನಿಮ್ಮ ಕೈಲಿ ಸ್ವಲ್ಪ ಸುಸ್ತಾಗಿದಾರೆ. ಅವರಿಗೂ ಮೂರು ವಾರ ರೆಸ್ಟು. ನಿಮ್ಮ ವಾಯ್ಸು ಬಂದ್ರೆ ಹನ್ನೆರಡನೇ ತಾರೀಕು ನಿಮ್ಮದೇ. ಬರದೇ ಇದ್ರೆ ಮೈಥಿಲಿ ಮಾಡ್ತಾಳೆ. ಅಲ್ಲೀವರೆಗೂ ಈ ಬ್ರಶ್ಶು ತಗೊಳ್ಳಿ, ಬುರುಡೆಗಳ ಧೂಳು ತೆಗೀರಿ.”

ನನ್ನ ಹಣೆಬರಹ ನೋಡಿ. ನಾಟಕ ಕಂಪನಿಯ ಗ್ರೀನ್ ರೂಮಿನಲ್ಲಿ ಹುಟ್ಟಿದವನು ನಾನು. ಅವ್ವ ರಾಣಿಯ ಪಾತ್ರಕ್ಕೆ ಹೆಸರಾದವಳು, ಅಪ್ಪ ಪ್ರಾಂಪ್ಟರು. ಕಂಪನಿಯಲ್ಲಿ ಭರ್ಚಿ ಹಿಡಿದು ಸುಮ್ಮನೆ ನಿಲ್ಲುವ ಸೈನಿಕ ಒಬ್ಬನಿರುತ್ತಿದ್ದ. ಅವನಿಗೆ ಮಾತಿಲ್ಲ, ಆದ್ದರಿಂದ ಊಟದಲ್ಲಿ ತುಪ್ಪವೂ ಇಲ್ಲ. ಅಂಥ ಪಾತ್ರ ಯಾವತ್ತೂ ಮಾಡಬಾರದೆಂದು ಏಳನೆಯ ವಯಸ್ಸಿನಲ್ಲೇ ನಿರ್ಧರಿಸಿದ್ದೆ. ಆಮೇಲೆ ಪಾಲಿಟೆಕ್ನಿಕ್ಕು, ಅಮೆರಿಕ, ಚಿಪ್ ಕಾರ್ಖಾನೆಯ ಧೂಳಿಲ್ಲದ ಕೋಣೆ. ಮೈತುಂಬ ಬಿಳಿ ಅಂಗಿ, ಮೂಗು ಬಾಯಿಗೆ ಮುಸುಕು, ಇಪ್ಪತ್ತೆಂಟು ವರ್ಷ. ಅಷ್ಟು ವರ್ಷ ಭರ್ಚಿ ಹಿಡಿದವನೇ ನಾನು. ನಿವೃತ್ತಿಯ ನಂತರ ಸಿಕ್ಕ ಮೂವತ್ತು ಚಾಪೆಯ ರಂಗಭೂಮಿ ಈ ಮ್ಯೂಸಿಯಂ. ಅದೂ ಹೋಯಿತು.

ಮೈಥಿಲಿಯ ಕಥೆಯನ್ನು ಹಿಂದೆ ನಿಂತು ಕೇಳಿದೆ. ಇಪ್ಪತ್ತು ನಿಮಿಷದಲ್ಲಿ ಹನ್ನೊಂದು ಸಲ “ಗೊತ್ತಿಲ್ಲ” ಅಂದಳು. ಅವರು ಏನು ಭಾಷೆ ಆಡ್ತಿದ್ರು? ಗೊತ್ತಿಲ್ಲ. ಯಾವ ಬಣ್ಣ ಇದ್ರು? ಗೊತ್ತಿಲ್ಲ. ಚಾಪೆಯ ಮೇಲಿನ ಮಕ್ಕಳು ಒಬ್ಬರ ಶೂ ದಾರ ಇನ್ನೊಬ್ಬರು ಬಿಚ್ಚುತ್ತಿದ್ದರು. ಟಿಕೆಟು ಕೊಟ್ಟು ಬಂದವರಿಗೆ ರಾಜನು ವೇದಿಕೆಗೆ ಬಂದು, ನಾನು ಯಾವ ದೇಶದ ರಾಜನೋ ಗೊತ್ತಿಲ್ಲ ಅಂದರೆ ಹೇಗಿರುತ್ತದೆ?

ಮಾರ್ಚ್ 22, ಶನಿವಾರ

ವಿಜಯ, ಮಹಾಜನರೇ, ವಿಜಯ. ಇವತ್ತಿನ ಪುಟವನ್ನು ದೊಡ್ಡಕ್ಷರದಲ್ಲಿ ಬರೆಯುತ್ತಿದ್ದೇನೆ.

ವಾರವಿಡೀ ಯೋಚಿಸಿದೆ. ಕೊರಳಿಲ್ಲದಿದ್ದರೇನು, ನಾನು ಪ್ರಾಂಪ್ಟರನ ಮಗ. ಅಪ್ಪ ಸೈಡ್ ಪರದೆಯ ಹಿಂದೆ ಕುಳಿತರೆ ಮೂರು ತಾಸಿನ ನಾಟಕ ಅವನ ತುಟಿಯಲ್ಲಿರುತ್ತಿತ್ತು. ಕಂಪನಿಯ ನಿಯಮ ಒಂದೇ: ಪರದೆಯ ಹಿಂದಿನಿಂದ ಬಂದ ಮಾತನ್ನು ನಟ ಪ್ರಶ್ನಿಸುವಂತಿಲ್ಲ, ಆಡಬೇಕು. ಮೈಥಿಲಿಗೂ ಅಂಥದೇ ಒಂದು ಅಭ್ಯಾಸವಿದೆ ಎಂದು ಕಂಡುಕೊಂಡಿದ್ದೆ. ಆಫೀಸಿನ ಮೀಟಿಂಗಿನಲ್ಲಿ ಸ್ಲೈಡು ಓದಿ ಓದಿ, ಎದುರಿಗೆ ಅಕ್ಷರ ಕಂಡರೆ ಬಾಯಿ ತಾನಾಗಿ ಓದಿಬಿಡುತ್ತದೆ. ಶೌಚಾಲಯದ ಬೋರ್ಡನ್ನೂ ಗಟ್ಟಿಯಾಗಿ ಓದಿದ್ದನ್ನು ನಾನೇ ಕೇಳಿದ್ದೇನೆ.

ಹತ್ತು ದೊಡ್ಡ ರಟ್ಟುಗಳ ಮೇಲೆ ಸಂಭಾಷಣೆ ಬರೆದುಕೊಂಡು ಹೋದೆ. ಮಕ್ಕಳ ಬೆನ್ನ ಹಿಂದೆ, ಆಳೆತ್ತರದ ಆದಿಮಾನವನ ಬೊಂಬೆಯ ಹಿಂದೆ ಅಡಗಿ ನಿಂತೆ. ಇಪ್ಪತ್ತಾರು ಮಕ್ಕಳು, ಹಿಂದೆ ಅವರ ತಂದೆತಾಯಿಗಳು. ದ್ವಾರಕಾನಾಥರು ಹೆಜ್ಜೆಗಳ ಅಚ್ಚು ತರಲು ಓಕ್‌ಲ್ಯಾಂಡ್ ಬಂದರಿಗೆ ಹೋಗಿದ್ದರು. ಗೋಡೆಯ ಮೇಲಿನ ಹೆಜ್ಜೆಗಳ ಫೋಟೋ ತೋರಿಸಿ ಒಬ್ಬ ಹುಡುಗಿ ಕೇಳಿದಳು, “ಆಂಟಿ, ಇವ್ರು ಯಾರು? ಅಮ್ಮನಾ?” ಮೈಥಿಲಿ ತಡವರಿಸಿದಳು. ಬೊಂಬೆಯ ತಲೆಯ ಮೇಲೆ ರಟ್ಟು ಎತ್ತಿದೆ. ಓದಿದಳು:

“ಮುಂದೆ ನಡೆದವಳು ಚಂಪವ್ವ. ಹಿಂದೆ ಬಂದದ್ದು ಅವಳ ಕೂಸು. ಆಕಾಶದಿಂದ ಬೂದಿಯ ಮಳೆ. ಕೂಸು ಹಿಂದುಳಿಯಿತು. ಚಂಪವ್ವ ಇಲ್ಲಿ, ಈ ಜಾಗದಲ್ಲಿ, ತಿರುಗಿ ನೋಡಿದಳು. ಬಾ ಕಂದಾ, ನನ್ನ ಹೆಜ್ಜೆಯಲ್ಲಿ ನಿನ್ನ ಹೆಜ್ಜೆಯಿಡು, ಬೆಂಕಿಯ ಬೆಟ್ಟ ನಮ್ಮನ್ನೇನು ಮಾಡೀತು, ಎಂದಳು.”

ಆಹಾ. ಶೂ ದಾರ ಬಿಚ್ಚುವ ಕೈಗಳು ನಿಂತುಹೋದವು. ಹಿಂದಿನ ಸಾಲಿನಲ್ಲಿ ಒಬ್ಬ ತಾಯಿ ಕಣ್ಣೊರೆಸಿಕೊಂಡಳು. ಮೊದಲ ಸಾಲಿನಲ್ಲಿ ಕೂತಿದ್ದ ನನ್ನ ನವ್ಯಾ ಬಾಯಿ ತೆರೆದು ಕೇಳುತ್ತಿದ್ದಳು. ಚಪ್ಪಾಳೆ. ನನ್ನ ಇಪ್ಪತ್ತೆಂಟು ವರ್ಷಕ್ಕೆ ಬಡ್ಡಿಸಮೇತ ಚಪ್ಪಾಳೆ.

ಆಮೇಲೆ ಮೈಥಿಲಿ ಬೊಂಬೆಯ ಹಿಂದೆ ಬಂದಳು. “ಅಂಕಲ್, ನಾನೇನು ಓದ್ದೆ ಈಗ? ಚಂಪವ್ವ ಅಂತ ಯಾವ ಪೇಪರಲ್ಲಿದೆ?”

ನಾನು ಬರೆದು ತೋರಿಸಿದೆ: ನಾಟಕದಲ್ಲಿ ಇದಕ್ಕಿಂತ ನಿಜ ಇಲ್ಲ.

“ಇದು ನಾಟಕ ಅಲ್ವಲ್ಲ ಅಂಕಲ್.”

ಅಭಿನಯದ ಅನುಭವ ಕಡಿಮೆ. ಕಲಿಯುತ್ತಾಳೆ.

ಮನೆಯಲ್ಲಿ ಅಂಬವ್ವ ನನ್ನ ಚೀಲದಿಂದ ಆ ರಟ್ಟು ತೆಗೆದು ಓದಿದಳು. “ಚಂಪವ್ವ ಅಂತ ಬರದೀರಿ?” ಅಂದಳು. ರಟ್ಟನ್ನು ನಿಧಾನ ಟೇಬಲ್ಲಿನ ಮೇಲಿಟ್ಟು, ರೊಟ್ಟಿಗೆ ತುಪ್ಪ ಎರಡು ಚಮಚ ಜಾಸ್ತಿ ಹಾಕಿದಳು. ನನ್ನ ಯಶಸ್ಸು ಅವಳಿಗೂ ಸಂತೋಷ ತಂದಿರಬೇಕು.

ಮಾರ್ಚ್ 26, ಬುಧವಾರ

ಮಗಳು ದೀಪಾಲಿ ಮೆನ್ಲೋ ಪಾರ್ಕಿನ ಆಫೀಸಿನಿಂದ ಬರುವವರೆಗೆ ನವ್ಯಾ ಶಾಲೆ ಬಿಟ್ಟು ನಮ್ಮಲ್ಲಿರುತ್ತಾಳೆ. ದಿನವೂ ಬಾಗಿಲಿನಿಂದಲೇ ತಿಂಡಿ ಕೇಳುವವಳು. ಇವತ್ತು ಬ್ಯಾಗು ಇಳಿಸಿ ಸೋಫಾದ ತುದಿಯಲ್ಲಿ ಕೂತಳು.

“ಅಜ್ಜ,” ಅಂದಳು. “ಹೌ ಡು ಯು ನೋ ಹರ್ ನೇಮ್?”

ಸೋಮವಾರ ತನ್ನ ಮೂರನೇ ಕ್ಲಾಸಿನಲ್ಲಿ ಎಲ್ಲರೆದುರು ನಿಂತು ಚಂಪವ್ವನ ಕಥೆ ಹೇಳಿದಳಂತೆ. ಚಿತ್ರವನ್ನೂ ಬರೆದುಕೊಂಡು ಹೋಗಿದ್ದಳು. ಟೀಚರಿಗೆ ಬಹಳ ಸಂತೋಷವಾಗಿ, ಅಷ್ಟು ಹಳೆಯ ಕಾಲದವರ ಹೆಸರು ಹೇಗೆ ಗೊತ್ತಾಯಿತು ಎಂದು ಕೇಳಿದರಂತೆ. “ನನ್ನ ಅಜ್ಜನ ಮ್ಯೂಸಿಯಂನಲ್ಲಿ ಹೇಳಿದರು, ಇಟ್ಸ್ ಟ್ರೂ,” ಅಂದಳಂತೆ ಇವಳು. ಎಲ್ಲರೂ ಸೇರಿ ಮ್ಯೂಸಿಯಂಗೆ ಇಮೇಲಿನಲ್ಲಿ ಒಂದು ಪತ್ರ ಬರೆದರು. ಇವತ್ತು ದ್ವಾರಕಾನಾಥರ ಉತ್ತರ ಬಂತು. ಟೀಚರು ಓದಿದರು: ಆ ಹೆಜ್ಜೆಗಳು ಯಾರವೆಂದು ಯಾರಿಗೂ ತಿಳಿಯದು, ಹೆಣ್ಣೋ ಗಂಡೋ ತಾಯಿಯೋ ಮಗುವೋ ತಿಳಿಯದು, ಹೆಸರಂತೂ ಇಲ್ಲವೇ ಇಲ್ಲ, ತಪ್ಪು ನಮ್ಮದು.

“ಎವ್ರಿಬಡಿ ಲಾಫ್ಡ್, ಅಜ್ಜ. ನಾನು ಟ್ರೂ ಅಂದಿದ್ದೆ.” ನನ್ನ ಕಡೆ ತಿರುಗಿ, “ಯು ಮೇಡ್ ಇಟ್ ಅಪ್?”

ಕೊರಳಿದ್ದಿದ್ದರೆ ಗಹಗಹಿಸಿ ನಕ್ಕು, ಎತ್ತಿ ಕೂರಿಸಿಕೊಂಡು, ರಾಜಕುಮಾರಿ ಎಂದು ಕರೆದು, ಇನ್ನೊಂದು ಕಥೆ ಹೇಳಿ ಈ ಕಥೆಯನ್ನು ಮರೆಸಿಬಿಡುತ್ತಿದ್ದೆ. ಕೈಯಲ್ಲಿ ಪೆನ್ನು ಮಾತ್ರ ಇತ್ತು. ಪೆನ್ನಿನಲ್ಲಿ ಗಹಗಹಿಸಲು ಬರುವುದಿಲ್ಲ.

ಬರೆದೆ. ಅವಳು ಕನ್ನಡ ಅಕ್ಷರ ಕೂಡಿಸಿ ಓದುವವಳು. ಬೆರಳಿಟ್ಟು ಓದಿದಳು: “ಹೌ... ದು.”

ತಿಂಡಿ ತಿನ್ನಲಿಲ್ಲ.

ಮಾರ್ಚ್ 27, ಗುರುವಾರ

ದ್ವಾರಕಾನಾಥರು ಕರೆದು ಚಹಾ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

“ಮೈಥಿಲಿ ತನ್ನದೇ ತಪ್ಪು ಅಂತ ಹೇಳಿದ್ಲು. ರಟ್ಟಿನ ವಿಷಯ ಬಾಯಿ ಬಿಡಲಿಲ್ಲ. ಆದ್ರೆ ಬೊಂಬೆ ಹಿಂದೆ ಉಳಿದ ರಟ್ಟುಗಳು ನನಗೆ ಸಿಕ್ಕಿದ್ವು. ಅವಳ ಹ್ಯಾಂಡ್‌ರೈಟಿಂಗು ನನಗೆ ಗೊತ್ತು, ನಿಮ್ಮದೂ ಗೊತ್ತು. ನೀವು ‘ಬೆಂಕಿಯ ಬೆಟ್ಟ’ ಅಂತ ಬರೆದಾಗ ಬೆಂಕಿ ಚಿತ್ರಾನೂ ಬರೀತೀರಿ.” ಚಹಾ ಕಲಕಿದರು. “ನೋಡಿ ಇವರೇ, ನನ್ನ ಹತ್ರ ಒಂದು ಮೂಳೆಯೂ ಅಸಲು ಇಲ್ಲ. ಎಲ್ಲಾ ಪ್ಲಾಸ್ಟರು. ಜನ ಅದನ್ನ ಯಾಕೆ ನೋಡೋಕೆ ಬರ್ತಾರೆ? ಅದರ ಪಕ್ಕ ನಿಂತು ನಾವು ಹೇಳೋದಾದ್ರೂ ಅಸಲು ಅಂತ. ಹನ್ನೆರಡನೇ ತಾರೀಕು ಮೈಥಿಲೀನೇ ಮಾಡ್ಲಿ. ನಿಮ್ಮ ವಾಯ್ಸು ಬಂದ್ರೂನೂ.”

ತಲೆಯಾಡಿಸಿದೆ.

ಮೈಥಿಲಿಯ ಬಳಿ ಹೋಗಿ ಕೈ ಮುಗಿದೆ. “ಬಿಡಿ ಅಂಕಲ್, ಕಣ್ಣಿಗೆ ಕಂಡಿದ್ದೆಲ್ಲಾ ಓದೋದು ನನ್ನ ಕಾಯಿಲೆ,” ಅಂದಳು.

ಮಾರ್ಚ್ 28, ಶುಕ್ರವಾರ

ಬ್ರಶ್ಶು. ಬಂದರಿನಿಂದ ಬಂದ ಅಚ್ಚಿನಲ್ಲಿ ಎಂಟು ಹೆಜ್ಜೆ ಮುಗಿದವು.

ಮಾರ್ಚ್ 29, ಶನಿವಾರ

ಅಚ್ಚನ್ನು ಹೊಸ ಕೋಣೆಯ ನೆಲದಲ್ಲಿ ಕೂರಿಸಿದ್ದಾರೆ. ಐದು ತುಂಡು, ಒಟ್ಟು ಇಪ್ಪತ್ತಡಿ ಉದ್ದ. ಹೆಜ್ಜೆಯ ಗುಳಿಗಳಲ್ಲೆಲ್ಲ ಪ್ಯಾಕಿಂಗಿನ ಬಿಳಿಪುಡಿ. ಅದನ್ನು ತೆಗೆಯುವ ಕೆಲಸ ನನ್ನದು. ಧೂಳಿನ ಕೆಲಸ ನನಗೆ ಬರುತ್ತದೆ. ಒಂದು ಹೆಜ್ಜೆಗೆ ಅರ್ಧ ತಾಸು.

ಮೊಣಕಾಲೂರಿ ಕೆಲಸ ಮಾಡುವಾಗ ಕಂಡದ್ದು: ಹಿಮ್ಮಡಿ ಆಳ, ಹೆಬ್ಬೆರಳು ಮುಂದಕ್ಕೆ, ನನ್ನ ಪಾದದಂತೆಯೇ. ನಡುನಡುವೆ ಸಾಸಿವೆಯಷ್ಟು ಸಣ್ಣ ಗುಳಿಗಳು. ಮೈಥಿಲಿ ಪಕ್ಕದಲ್ಲಿ ಕೂತು ಹೇಳಿದಳು, “ಅದು ಮಳೆ ಹನಿ ಅಂಕಲ್. ಬೂದಿ ಬಿದ್ದಮೇಲೆ ತುಂತುರು ಮಳೆ ಬಂದಿದೆ. ಅದಕ್ಕೇ ಬೂದಿ ಸಿಮೆಂಟ್ ಥರ ಗಟ್ಟಿಯಾಗಿದ್ದು.” ಮೂವತ್ತಾರು ಲಕ್ಷ ವರ್ಷದ ಹಿಂದಿನ ಹನಿ. ಬೆರಳಿಟ್ಟು ನೋಡಿದೆ. ಬಹಳ ಹೊತ್ತು ಹಾಗೇ ಇದ್ದೆನಂತೆ. ಕಾಲು ಹಿಡಿದುಕೊಂಡಿತೇ ಎಂದು ಅವಳು ಕೇಳಿದಳು.

ಒಂದು ಸಾಲು ಸಣ್ಣ ಪಾದ. ಪಕ್ಕದ ಸಾಲಿನ ಪಾದ ದೊಡ್ಡದು, ಆದರೆ ಅಂಚು ಎರಡೆರಡು. ಒಬ್ಬರು ಇಟ್ಟ ಹೆಜ್ಜೆಯೊಳಗೇ ಇನ್ನೊಬ್ಬರು ಹೆಜ್ಜೆಯಿಟ್ಟಿದ್ದಾರೆ. ಒಂದು ಕಡೆ ಗುರುತು ಕೊಂಚ ಓರೆ. ಯಾರೋ ನಿಂತು ತಿರುಗಿದರೇನೋ ಎಂದು ಕೆಲವರ ಊಹೆಯಂತೆ, ಅಲ್ಲವೆಂದು ಕೆಲವರಂತೆ.

ಅವಸರವಿತ್ತೇ? ಎಲ್ಲಿಗೆ ಹೊರಟಿದ್ದರು? ಹೆಜ್ಜೆಯ ಮೇಲೆ ಹೆಜ್ಜೆ ಯಾಕೆ? ಮೈಥಿಲಿಯನ್ನು ಬರೆದು ಕೇಳಿದೆ. ಗೊತ್ತಿಲ್ಲ, ಗೊತ್ತಿಲ್ಲ, ಗೊತ್ತಿಲ್ಲ ಅಂದಳು. ಮೂರು ಸಲವೂ ಅವಳ ಮುಖ ದೀಪ ಹಚ್ಚಿದಂತಿತ್ತು. ಮೊದಲು ಇದನ್ನು ನೋಡಿರಲಿಲ್ಲ. ನಾನು ಯಾವಾಗಲೂ ಅವಳ ದನಿಯನ್ನೇ ನೋಡುತ್ತಿದ್ದೆ.

ಮಾರ್ಚ್ 30, ಭಾನುವಾರ, ಯುಗಾದಿ

ಬೇವು ಬೆಲ್ಲ ತಿಂದು ಅಂಬವ್ವನ ಮಾತು ಕೇಳಿದೆ. 2019ಕ್ಕೆ ಬಂದಿದ್ದೇವೆ. ಅವಳು ಕಥೆ ಚೆನ್ನಾಗಿ ಹೇಳುತ್ತಾಳೆ. ಯಾರೂ ನನಗೆ ಹೇಳಿರಲಿಲ್ಲ.

ನವ್ಯಾ ಹೊಸ ಲಂಗ ಹಾಕಿಕೊಂಡು ಬಂದು ಕಾಲಿಗೆ ನಮಸ್ಕಾರ ಮಾಡಿದಳು. ನನ್ನ ಮುಖ ನೋಡಲಿಲ್ಲ.

ಮಾರ್ಚ್ 31, ಸೋಮವಾರ

ಡಾಕ್ಟರು ಕ್ಯಾಮೆರಾ ಇಳಿಸಿ ನೋಡಿ, “ಕೆಂಪು ಹೋಗಿದೆ,” ಅಂದರು. ದಿನಕ್ಕೆ ಐದು ನಿಮಿಷ ಮಾತು. ಮೆತ್ತಗೆ. ವಾರಕ್ಕೊಮ್ಮೆ ಹೆಚ್ಚಿಸಬಹುದು. ಗರ್ಜನೆ ಜೀವಮಾನದಲ್ಲಿ ಇಲ್ಲ.

ಕಾರಿನಲ್ಲಿ ಅಂಬವ್ವ ಅಂದಳು, “ಏನರ ಅನ್ರಿ. ಒಂದ ಮಾತು. ಖರೇನ ದನಿ ಬಂದದ ಇಲ್ಲ ನೋಡೂಣು.” ಬೇಡವೆಂದು ಕೈಯಾಡಿಸಿದೆ. ಐದು ನಿಮಿಷವನ್ನೂ ಉಳಿಸಿಟ್ಟುಕೊಂಡೆ.

ಮೂರೂವರೆಗೆ ನವ್ಯಾ ಬಂದಳು. ಅಡಿಗೆಮನೆಯ ಟೈಮರು ಅವಳ ಕೈಗೆ ಕೊಟ್ಟೆ. ಐದಕ್ಕೆ ತಿರುಗಿಸಿದಳು. ಅದು ಟಿಕಟಿಕ ಅನ್ನತೊಡಗಿತು. ನನ್ನ ದನಿ ಬಂತು. ನನ್ನದೆಂದು ನನಗೇ ಗುರುತಾಗಲಿಲ್ಲ. ತೆಳ್ಳಗೆ, ಬೆಚ್ಚಗೆ, ಪಕ್ಕದ ಮನೆಯ ಯಾರೋ ಒಳ್ಳೆಯ ಮನುಷ್ಯನದಂತೆ.

“ನಾ ಸುಳ್ಳು ಹೇಳಿದ್ದೆ ಕೂಸ. ನಿನಗ ಅವಮಾನ ಆತು. ನನ್ನಿಂದ ಆತು.”

ಅವಳು ಟೈಮರನ್ನೇ ನೋಡುತ್ತಿದ್ದಳು.

“ಚಂಪವ್ವ ನನ್ನ ಅವ್ವ. ನಿನ್ನ ಮುತ್ತಜ್ಜಿ. ನಾನು ಆರು ವರ್ಷದವ ಇದ್ದಾಗ ಕಂಪನಿ ಗಜೇಂದ್ರಗಡದಿಂದ ರೋಣಕ್ಕ ಹೊಂಟಿತ್ತು. ಮಳಿ. ಲಾರಿ ಎರಿಮಣ್ಣಿನ್ಯಾಗ ಹೂತು ಹೋತು. ಎಲ್ಲಾರೂ ಇಳದು ನಡದಿವಿ. ಅವ್ವ ಮುಂದ, ತಲಿ ಮ್ಯಾಲ ಕಿರೀಟದ ಪೆಟಗಿ. ಕರಿಮಣ್ಣು, ಕಾಲು ಇಟ್ಟರ ಮೊಣಕಾಲತನಾ ಒಳಗ. ಆಕಿ ಕಾಲು ಇಟ್ಟ ಜಾಗಾ ಅಷ್ಟ ಗಟ್ಟಿ ಇರತಿತ್ತು. ಆಕಿ ಹೆಜ್ಜಿಯೊಳಗ ನಾ ಹೆಜ್ಜಿ ಇಟಗೋತ ಹೋದೆ. ಆಗಾಗ ಆಕಿ ನಿಂತು ತಿರಗಿ ನೋಡತಿದ್ದಳು. ಆ ಫೋಟೋ ನೋಡಿದಾಗ ಕೈ ತಾನ ಆ ಹೆಸರು ಬರೀತು.”

ಬರೆಯುವಾಗ ಇದು ನನಗೂ ಗೊತ್ತಿರಲಿಲ್ಲ. ಹೇಳುವಾಗ ಗೊತ್ತಾಯಿತು. ಅಡಿಗೆಮನೆಯಲ್ಲಿ ಅಂಬವ್ವ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದಳು.

ನವ್ಯಾ ಬಹಳ ಯೋಚಿಸಿದಳು. “ಸೋ ಇಟ್ಸ್ ಅ ಗೆಸ್,” ಅಂದಳು ಕೊನೆಗೆ. “ಮಡ್ ಇತ್ತು, ಅದಕ್ಕೆ ಸೇಮ್ ಹೆಜ್ಜೆ. ಗುಡ್ ಗೆಸ್, ಅಜ್ಜ. ಗೆಸ್ ಇಸ್ ಓಕೆ. ಬಟ್ ಯು ಹ್ಯಾವ್ ಟು ಸೇ ಗೆಸ್.”

“ಹೇಳತೇನಿ.”

“ಮೈ ಕ್ಲಾಸ್‌ಗೆ ಬಂದು ಹೇಳ್ತೀಯಾ?”

ಟೈಮರು ಬಡಿಯಿತು. ತಲೆಯಾಡಿಸಿದೆ.

“ತಿಂಡಿ ಏನಿದೆ ಅಜ್ಜಿ?” ಎಂದು ಕೂಗಿದಳು.

ಏಪ್ರಿಲ್ 8, ಮಂಗಳವಾರ

ನವ್ಯಾಳ ಕ್ಲಾಸಿಗೆ ಹೋಗಿ ಬಂದೆ. ಈಗ ದಿನಕ್ಕೆ ಹತ್ತು ನಿಮಿಷ. ಅಲ್ಲಿ ಮೂರು ನಿಮಿಷದಲ್ಲಿ ಹೇಳಬೇಕಾದದ್ದು ಮುಗಿಯಿತು: ಹೆಸರು ನಾನು ಕಟ್ಟಿದ್ದು, ನವ್ಯಾ ನನ್ನನ್ನು ನಂಬಿದ್ದು, ತಪ್ಪು ಅವಳದಲ್ಲ. ಆಮೇಲೆ ಗೊತ್ತಿರುವುದು ಇಷ್ಟು: ಬೂದಿ, ಮಳೆ, ಎರಡು ಕಾಲು, ಒಬ್ಬರ ಹೆಜ್ಜೆಯಲ್ಲಿ ಇನ್ನೊಬ್ಬರು.

ಇಪ್ಪತ್ತೆರಡು ಕೈ ಮೇಲೆದ್ದವು. ನಾಯಿ ಇತ್ತಾ? ಗೊತ್ತಿಲ್ಲ. ಅವರು ನಗ್ತಿದ್ರಾ? ಗೊತ್ತಿಲ್ಲ. ಮಾತು ಉಳಿಸಬೇಕಿತ್ತು, ಆದ್ದರಿಂದ ಒಂದೊಂದು ಗೊತ್ತಿಲ್ಲವನ್ನು ಒಂದೊಂದು ಥರ ಅಭಿನಯಿಸಿದೆ. ಒಂದಕ್ಕೆ ಹುಬ್ಬು, ಒಂದಕ್ಕೆ ಭುಜ, ಒಂದಕ್ಕೆ ಇಡೀ ಮೈ ಹಳೆಯ ಸೋಫಾದಂತೆ ಕುಸಿಯುವುದು. ಮಕ್ಕಳು ನನ್ನಿಂದ ಗೊತ್ತಿಲ್ಲ ತೆಗೆಸಲೆಂದೇ ಪ್ರಶ್ನೆ ಹುಡುಕತೊಡಗಿದವು. ಒಂದೊಂದಕ್ಕೂ ತಾವೇ ಊಹೆ ಹೇಳಿ, “ಗೆಸ್” ಎಂದು ಕೂಗುತ್ತಿದ್ದವು. ಕೂಗಿಸಿದವಳು ನವ್ಯಾ.

ಕೊನೆಗೆ ಕ್ಲಾಸಿನ ಹೊರಗೆ ಮರಳಿನ ಜಾಗದಲ್ಲಿ ಶೂ ಬಿಚ್ಚಿ ನಡೆದೆ. ಸುಮ್ಮನೆ. ಆರು ಹೆಜ್ಜೆ, ಒಮ್ಮೆ ನಿಂತು ತಿರುಗಿ ನೋಡಿ, ಮತ್ತೆ ಆರು. ನೋಡಿದರೆ ಹಿಂದೆ ನವ್ಯಾ, ಅವಳ ಹಿಂದೆ ಇಡೀ ಕ್ಲಾಸು, ಎಲ್ಲರೂ ನನ್ನ ಹೆಜ್ಜೆಯೊಳಗೆ ಹೆಜ್ಜೆಯಿಡುತ್ತ ಬರುತ್ತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಮೂರನೇ ಕ್ಲಾಸು ಅಷ್ಟು ಸುಮ್ಮನಿದ್ದದ್ದನ್ನು ತಾನು ನೋಡಿಲ್ಲ ಅಂದರು ಟೀಚರು.

ಸಂಜೆ ಮ್ಯೂಸಿಯಂಗೆ ಹೋಗಿ ಮೈಥಿಲಿಗೆ ದನಿ ಎಸೆಯುವುದನ್ನು ಹೇಳಿಕೊಟ್ಟೆ. ಕೊರಳಿನಿಂದಲ್ಲ, ಹೊಟ್ಟೆಯಿಂದ. ಮೊದಲ ಸಾಲಿಗಲ್ಲ, ಗೇಟಿನ ಬಳಿ ನಿಂತವನಿಗೆ. ಬೀದಿಯಲ್ಲಿ ಹೋಗುತ್ತಿದ್ದವರು ಒಳಗೆ ಇಣುಕಿ ನೋಡಿದರು. ಒಂದು ಸಾಲನ್ನು ಹತ್ತು ಸಲ ಹೇಳಿಸಿದೆ. ಏನೆಂದು ಬರೆದಿಡುವಷ್ಟು ದೊಡ್ಡದಲ್ಲ.

ಏಪ್ರಿಲ್ 11, ಶುಕ್ರವಾರ

ಮಹಾಜನರೇ, ಬಹಳ ದಿನ ನಿಮ್ಮನ್ನು ಮರೆತಿದ್ದೆ. ಕೆಲಸವಿತ್ತು.

ಮಧ್ಯಾಹ್ನ ದ್ವಾರಕಾನಾಥರು ಕೊನೆಯ ಹೆಜ್ಜೆ ಒರೆಸುತ್ತಿದ್ದ ನನ್ನ ಬಳಿ ಬಂದು ನಿಂತರು. ಕೈಯಲ್ಲಿ ಒಂದು ದೊಡ್ಡ ಕಾಗದ. ನವ್ಯಾಳ ಕ್ಲಾಸಿನವರು ಕಳಿಸಿದ್ದು. ಮೇಲೆ ಇಪ್ಪತ್ತೆರಡು ಪ್ರಶ್ನೆ, ಕೆಳಗೆ ಇಪ್ಪತ್ತೆರಡು ಊಹೆ, ಅಂಚಿನ ಸುತ್ತ ಬಣ್ಣದಲ್ಲಿ ಅದ್ದಿ ಒತ್ತಿದ ಪುಟ್ಟ ಪುಟ್ಟ ಪಾದಗಳು.

“ನಾಲ್ಕು ಪ್ರಶ್ನೆ ನನಗೂ ಹೊಳೆದಿರಲಿಲ್ಲ,” ಅಂದರು. “ಇದನ್ನ ಹೊಸ ರೂಮಿನ ಗೋಡೆಗೆ ಹಾಕ್ತೀನಿ. ಅಸಲು ವಸ್ತು ಇದೊಂದೇ ನಮ್ಮಲ್ಲಿ.” ಕೆಮ್ಮಿದರು. “ನಾಳೆ ನೀವೂ ಬೇಕು ದೇವೇಂದ್ರಪ್ಪನೋರೇ. ಮೈಥಿಲಿ ಹೇಳ್ಲಿ. ನೀವು ನಡೀರಿ. ಮಾತಿಲ್ಲ. ನಿಮಗೆ ಕಷ್ಟ ಆಗತ್ತೆ ಅಂತ ಗೊತ್ತು.”

“ಒಂದೇ ಒಂದು ಮಾತು ಇರಲಿ,” ಅಂದೆ.

“ಯಾವುದು?”

ಹೇಳಿದೆ. ಅವರು ಬಹಳ ಹೊತ್ತು ನಕ್ಕರು. ಅವರು ನಗುವುದನ್ನು ಮೊದಲ ಸಲ ನೋಡಿದ್ದು.

ಊಟಕ್ಕೆ ಕೂತಾಗ ಅಂಬವ್ವನಿಗೆ ಹೇಳಿದೆ, ನಾಳೆ ನನ್ನದು ಮಾತಿಲ್ಲದ ಪಾತ್ರ ಎಂದು. “ಹಂಗಾದ್ರ ತುಪ್ಪ ಇಲ್ಲ,” ಅಂದಳು. ಆಮೇಲೆ ಹಾಕಿದಳು. ಅವಳ ಕಥೆ ನಿನ್ನೆ 2025ಕ್ಕೆ ಬಂದು ಮುಟ್ಟಿತ್ತು. ಇನ್ನೊಮ್ಮೆ ಮೊದಲಿನಿಂದ ಹೇಳು ಅಂದೆ. ಇಕ್ಕಳದಿಂದ ಶುರುಮಾಡಿದ್ದಾಳೆ.

ನಾಳೆ ಬೆಳಿಗ್ಗೆ ಎಂಟಕ್ಕೆ ಹೋಗುತ್ತೇನೆ. ಮ್ಯೂಸಿಯಂನ ಹಿತ್ತಲಲ್ಲಿ ಜೇಡಿಮಣ್ಣು ಹರವಿ, ನೀರು ಚಿಮುಕಿಸಿ ಹದ ಮಾಡುತ್ತೇನೆ. ಕಂಪನಿಯ ಪದ್ಧತಿಯಂತೆ ಮೂರು ಸಲ ಗಂಟೆ ಬಾರಿಸುತ್ತೇನೆ, ಅಂಬವ್ವ ಚಮಚ ಕೊಟ್ಟರೆ. ಮೂರನೆಯ ಗಂಟೆಗೆ ಬರಿಗಾಲಲ್ಲಿ ಮಣ್ಣಿಗೆ ಇಳಿದು, ಯಾರ ಕಡೆಗೂ ನೋಡದೆ ನಡೆಯುತ್ತೇನೆ. ನನ್ನ ಹೆಜ್ಜೆಯಲ್ಲಿ ನವ್ಯಾ ಬರುತ್ತಾಳೆ. ಆರನೆಯ ಹೆಜ್ಜೆಗೆ ನಿಂತು ತಿರುಗಿ ನೋಡುತ್ತೇನೆ, ಅದು ಊಹೆ ಎಂದು ಮೈಥಿಲಿ ಹೊಟ್ಟೆಯಿಂದ ದನಿ ತೆಗೆದು ಹೇಳುತ್ತಾಳೆ. ಆಗ ಚಾಪೆಯ ಮೇಲಿನ ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ, ಇವರು ಯಾರು ಎಂದು. ಡಾಕ್ಟರು ಈ ವಾರ ಹತ್ತು ನಿಮಿಷ ಕೊಟ್ಟಿದ್ದಾರೆ. ನನಗೆ ಒಂದು ಕ್ಷಣ ಸಾಕು. ಉಸಿರು ಹೊಟ್ಟೆಗೆ ತುಂಬಿಕೊಂಡು, ಕೊರಳಿಗೆ ನೋವಾಗದಂತೆ, ಗೇಟಿನ ಬಳಿ ನಿಂತು ಪುಕ್ಕಟೆ ನೋಡುವವನಿಗೂ ಮುಟ್ಟುವಂತೆ, “ಗೊತ್ತಿಲ್ಲ” ಎಂದು ಹೇಳುತ್ತೇನೆ.